ಆ ದ್ವೀಪ ಯಾರದು?

ಕಳೆದ ತಿಂಗಳು ಒಂದು ಚಾವಣಿ ಸುಳ್ಳು ಹೇಳುತ್ತಿರುವುದನ್ನು ಹಿಡಿದೆ.

ಚಾವಣಿ ಇರುವುದು ಕೆರೀಬಿಯನ್ ಸಮುದ್ರದ ಒಂದು ದ್ವೀಪದಲ್ಲಿ. ನಾನು ಇರುವುದು ಶಿಕಾಗೊ ಪಕ್ಕದ ವೆಸ್ಟ್‌ಮಂಟ್‌ನಲ್ಲಿ, ಮಗಳು ಸ್ಮಿತಾಳ ಅಡುಗೆಮನೆಯ ಮೇಜಿನ ಎದುರು. ಬಾಡಿಗೆಗೆ ಕೊಡುವವರು ಹಾಕಿದ ಚಿತ್ರದಲ್ಲಿ ವಿಲ್ಲಾದ ಚಾವಣಿ ಕೆಂಪು, ಸುತ್ತ ತೆಂಗಿನ ಸಾಲು. ಅಲ್ಲಿ ತಂಗಿ ಬಂದ ಅತಿಥಿಯೊಬ್ಬರ ಚಿತ್ರದಲ್ಲಿ ಅದೇ ಚಾವಣಿ ನೀಲಿ ತಗಡು, ತೆಂಗಿನ ಜಾಗದಲ್ಲಿ ಮೋಟು ಬೊಡ್ಡೆಗಳು. ನಡುವೆ ಚಂಡಮಾರುತವೊಂದು ಬಂದುಹೋಗಿದೆ. ಮಾಲೀಕರ ಪಾಲಿಗೆ ಮಾತ್ರ ಅದು ಬಂದೇ ಇಲ್ಲ.

ಇನ್ನೊಂದು ವಿಲ್ಲಾ. ಬೆಳದಿಂಗಳಲ್ಲಿ, ನಮಗೇ ಮೀಸಲಾದ ಈಜುಕೊಳದಲ್ಲಿ ಈಜಿದೆವು ಎಂದು ಒಬ್ಬರು ಐದು ನಕ್ಷತ್ರ ಕೊಟ್ಟು ಹೊಗಳಿದ್ದರು. ಅವರು ತಂಗಿದ್ದ ತಾರೀಖುಗಳನ್ನು ಪಂಚಾಂಗಕ್ಕೆ ಹೊಂದಿಸಿ ನೋಡಿದೆ. ಅಮಾವಾಸ್ಯೆಯ ಆಸುಪಾಸು. (ವಿಲ್ಲಾ ಆರಿಸಲು ಪಂಚಾಂಗ ತೆರೆದವನು ನಾನೊಬ್ಬನೇ ಇರಬಹುದು. ಫಲ ಸಿಕ್ಕಿತಲ್ಲ.)

ಈ ಅಂಕಣ ಓದುವವರಿಗೆ ನನ್ನ ಈ ಚಾಳಿ ಗೊತ್ತಿದೆ. ಮೈಸೂರಿನಲ್ಲಿ ವೃತ್ತಿಜೀವನವಿಡೀ ಶಾಸನಗಳ ಕಾಲನಿರ್ಣಯ ಮಾಡಿದವನು ನಾನು. ಕಲ್ಲಿನಲ್ಲಿ ಕೆತ್ತಿದ ತಿಥಿಗೂ ವಾರಕ್ಕೂ ತಾಳೆಯಾಗುತ್ತದೆಯೇ, ಆಗದಿದ್ದರೆ ಕೆತ್ತಿದವನು ತಪ್ಪಿದನೇ ಅಥವಾ ಕೆತ್ತಿಸಿದವನು ಸುಳ್ಳು ಹೇಳಿದನೇ? ಇಷ್ಟೇ ಕೆಲಸ. ನಿವೃತ್ತಿಯಾಯಿತು, ದೇಶ ಬದಲಾಯಿತು, ಚಾಳಿ ಉಳಿಯಿತು.

ಆ ಚಾಳಿಗೆ ಕೆಲಸ ಕೊಟ್ಟವಳು ಸ್ಮಿತಾ. ಡೆಟ್ರಾಯಿಟ್ ಬಳಿಯ ನೋವೈಯಲ್ಲಿ ನನ್ನ ತಂಗಿಯ ಮಗ ರಘುವಿನ ಸಂಸಾರವಿದೆ. ಅವನ ಮಗಳು ಅನಘಾಳಿಗೆ ಬರುವ ಮೇ ತಿಂಗಳಲ್ಲಿ ಇಪ್ಪತ್ತೊಂದು ತುಂಬುತ್ತದೆ. ಅಮೆರಿಕದಲ್ಲಿ ಇಪ್ಪತ್ತೊಂದು ಎಂದರೆ ದೊಡ್ಡ ಸಂಭ್ರಮ. ಕೇಕು, ಬಲೂನು, ಕಾನೂನು ಒಪ್ಪಿದ ಮೊದಲ ವೈನ್. (ಅನಘಾ ಮಜ್ಜಿಗೆ ಕುಡಿಯುವ ಹುಡುಗಿ, ಅದು ಬೇರೆ ಮಾತು.) ಎರಡೂ ಕುಟುಂಬ ಸೇರಿ ಕೆರೀಬಿಯನ್‌ಗೆ ಹೋಗೋಣ, ಹೋಟೆಲ್ ಬೇಡ, ಇಡೀ ಮನೆ ನಮ್ಮದೇ ಆಗಿರಲಿ, ಹುಟ್ಟುಹಬ್ಬ ಆ ವಾರದ ನಡುವೆ ಬರಲಿ ಎಂಬುದು ಸ್ಮಿತಾಳ ಯೋಜನೆ. ಅದು ಅನಘಾಳಿಗೆ ಅವಳ ಉಡುಗೊರೆ.

"ಅಪ್ಪ, ನೀವು ಹೇಗಿದ್ರೂ ಎಲ್ಲಾನೂ ಅನುಮಾನದಿಂದ್ಲೇ ನೋಡ್ತೀರ. ಇದನ್ನೂ ನೋಡಿಬಿಡಿ," ಎಂದು ಲಿಂಕುಗಳ ರಾಶಿಯನ್ನು ನನ್ನ ಮೇಲೆ ಸುರಿದಳು.

ಭಾನುವಾರ ಎಲ್ಲರೂ ವಿಡಿಯೊ ಕಾಲ್‌ಗೆ ಬಂದರು. ನನ್ನ ಹೆಂಡತಿ ಸರಳಾಳಿಗೆ ಒಂದೇ ಚಿಂತೆ: ಕುಕ್ಕರ್ ಸೀಟಿ ಹೊಡೆದರೆ ಆ ಮನೆಯ ಹೊಗೆ ಅಲಾರಂ ಕೂಗುತ್ತದೆಯೇ? ಸ್ಮಿತಾಳಿಗೆ ಹಾಸಿಗೆಯಿಂದಲೇ ಸಮುದ್ರ ಕಾಣಬೇಕು. ರಘುವಿನ ಹೆಂಡತಿ ವೀಣಾ, ಯಾವುದಾದರೂ ಸರಿ ಎಂದಳು. ಅನಘಾ ಕೈಬೀಸಿ ನಕ್ಕಳು. ರಘು ಕಾರು ಕಂಪನಿಯೊಂದರ ಎಂಜಿನಿಯರ್, ಮಿತಭಾಷಿ. ನಾನು ಮೂರು ವಿಲ್ಲಾಗಳ ಗುಣದೋಷ ವಿವರಿಸಿ ಮುಗಿಸಿದ ಮೇಲೆ ಅವನು ಒಂದೇ ಪ್ರಶ್ನೆ ಕೇಳಿದ.

"ಮಾವ, ಆ ದ್ವೀಪ ಯಾರದು?"

ಇಂಥ ಪ್ರಶ್ನೆಗಾಗಿ ನಾನು ವರ್ಷಗಟ್ಟಲೆ ಕಾದಿದ್ದೇನೆ. ಸ್ಪೇನಿನವರು ಹಡಗಿಳಿದದ್ದು, ದ್ವೀಪಗಳು ಫ್ರೆಂಚರಿಂದ ಇಂಗ್ಲಿಷರಿಗೆ, ಇಂಗ್ಲಿಷರಿಂದ ಫ್ರೆಂಚರಿಗೆ ಕೈ ಬದಲಾದದ್ದು, ಕಬ್ಬಿನ ತೋಟ, ಆಫ್ರಿಕದಿಂದ ಸರಪಳಿ ಹಾಕಿ ತಂದವರು, ಆಮೇಲೆ ಕೂಲಿಗೆಂದು ಹಡಗು ಹತ್ತಿದ ನಮ್ಮ ದೇಶದವರು. ಎಲ್ಲವನ್ನೂ ಹೇಳಿದೆ. ರಘು ತಲೆಯಾಡಿಸುತ್ತ ಕೇಳಿದ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ವೀಣಾ ಮೆಲ್ಲಗೆ ಹೇಳಿದಳು: "ಮಾವ, ಅವರು ಕೇಳಿದ್ದು ಅದಲ್ಲ. ಅಲ್ಲಿಗೆ ಹೋದ್ರೆ ನಮಗೆ ವಾಪಸ್ ಬರೋಕಾಗತ್ತಾ ಅಂತ."

ಸ್ಮಿತಾ ಸಾವರಿಸಿಕೊಂಡು, ಹೌದಲ್ವಾ, ನೋಡೋಣ, ನೋಡೋಣ ಎಂದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಘು ಇಲ್ಲಿಗೆ ಬಂದದ್ದು ಕೆಲಸದ ವೀಸಾದ ಮೇಲೆ, ಅನಘಾಳಿಗೆ ಎರಡು ವರ್ಷವಿದ್ದಾಗ. ಅಂದಿನಿಂದ ಅವನ ವಾಸ ಸಂಪೂರ್ಣ ಕಾನೂನುಬದ್ಧ. ಅನುಮತಿ ಕಾಲಕಾಲಕ್ಕೆ ಮುಂದುವರಿದಿದೆ, ತೆರಿಗೆ ತಪ್ಪಿಲ್ಲ. ಆದರೆ ಪಾಸ್‌ಪೋರ್ಟಿನೊಳಗಿನ ವೀಸಾ ಮುದ್ರೆಯ ಅವಧಿ ಎಂದೋ ಮುಗಿದಿದೆ. ದೇಶದೊಳಗೆ ಇರುವ ತನಕ ಅದರಿಂದ ತೊಂದರೆಯಿಲ್ಲ. ಹೊರಗೆ ಕಾಲಿಟ್ಟರೆ ಮರಳಲು ಹೊಸ ಮುದ್ರೆ ಬೇಕು, ಅದಕ್ಕೆ ಇನ್ನೊಂದು ದೇಶದಲ್ಲಿ ರಾಯಭಾರ ಕಚೇರಿಯ ಬಾಗಿಲು ಕಾಯಬೇಕು, ಆ ಬಾಗಿಲು ಎಂದು ತೆರೆಯುತ್ತದೆಂದು ಯಾರೂ ಹೇಳಲಾರರು. ಅಷ್ಟರೊಳಗೆ ಇಲ್ಲಿನ ಕೆಲಸ ಉಳಿಯುತ್ತದೆಯೇ? ಅದನ್ನೂ ಹೇಳಲಾರರು.

ಹೀಗೆ ವಿಲ್ಲಾ ಆರಿಸುವ ನನ್ನ ಮಾನದಂಡ ಬದಲಾಯಿತು. ಮರಳು, ಈಜುಕೊಳ, ಸೂರ್ಯಾಸ್ತ ಎಲ್ಲವನ್ನೂ ಬದಿಗಿಟ್ಟು ಬಾವುಟ ನೋಡತೊಡಗಿದೆ. ಫ್ರೆಂಚರ ದ್ವೀಪ ಹೋಯಿತು. ಡಚ್ಚರದು ಹೋಯಿತು. ಸ್ವತಂತ್ರ ದೇಶಗಳಾದ ದ್ವೀಪಗಳು ಎಲ್ಲಕ್ಕಿಂತ ಮೊದಲೇ ಹೋದವು. (ಒಂದು ದ್ವೀಪ ಸ್ವತಂತ್ರವಾಗಿದೆ ಎಂದು ಜೀವನದಲ್ಲಿ ಮೊದಲ ಬಾರಿ ಬೇಸರಪಟ್ಟೆ.) ಕೊನೆಗೆ ಅಮೆರಿಕದ ಬಾವುಟವೇ ಹಾರುವ ದ್ವೀಪವೊಂದರಲ್ಲಿ ಒಂದು ಮನೆ ಸಿಕ್ಕಿತು. ಗುಡ್ಡದ ಮೇಲಿದೆ. ಸಮುದ್ರ ಕಾಣಬೇಕಾದರೆ ಬಚ್ಚಲಿನ ಕಿಟಕಿಯಲ್ಲಿ ಕತ್ತು ಚಾಚಬೇಕು. ಈಜುಕೊಳ ನಮ್ಮ ಮೈಸೂರಿನ ಮನೆಯ ನೀರಿನ ತೊಟ್ಟಿಗಿಂತ ಅಷ್ಟೇನೂ ದೊಡ್ಡದಲ್ಲ. ಆದರೆ ಚಾವಣಿಯ ಬಣ್ಣ ಎಲ್ಲ ಚಿತ್ರಗಳಲ್ಲೂ ಒಂದೇ. ಎಲ್ಲರೂ ಒಪ್ಪಿದರು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮರಳುವ ವಿಮಾನದ ವಿವರ ಪರಿಶೀಲಿಸುವಾಗ ಇನ್ನೊಂದು ಸಂಗತಿ ಸಿಕ್ಕಿತು. ಆ ದ್ವೀಪದಿಂದ ಮುಖ್ಯ ನೆಲಕ್ಕೆ ವಿಮಾನ ಹತ್ತುವ ಮುಂಚೆ, ಹೊರದೇಶದಿಂದ ಬರುವವರ ಹಾಗೆಯೇ ಅಧಿಕಾರಿಯ ಮೇಜಿನ ಮುಂದೆ ಹಾದುಹೋಗಬೇಕು. ಅವರು ಕಾಗದಪತ್ರ ಕೇಳಬಹುದು. ಬಾವುಟ ಒಂದೇ, ಆದರೂ ನಡುವೆ ಬಾಗಿಲಿದೆ.

ಇದನ್ನು ಫೋನಿನಲ್ಲಿ ಹೇಳುವ ಧೈರ್ಯವಾಗಲಿಲ್ಲ. ನಾನು, ಸರಳಾ ರೈಲು ಹತ್ತಿ ಮಿಶಿಗನ್‌ಗೆ, ರಘುವಿನ ಮನೆಗೆ ಹೋದೆವು.

ಮರುದಿನ ರಘು ಎಲ್ಲರನ್ನೂ ಡೆಟ್ರಾಯಿಟ್ ನದಿಯ ದಂಡೆ ತೋರಿಸಲು ಕರೆದುಕೊಂಡು ಹೊರಟ. ಕಾರಿನಲ್ಲಿ ಹಾಡು, ಹರಟೆ. ಹೆದ್ದಾರಿಯ ಮೇಲೆ, ಕೆನಡಾಕ್ಕೆ ಹೋಗುವ ಸೇತುವೆಯ ಬೋರ್ಡುಗಳು ಕಾಣತೊಡಗಿದ್ದೇ ತಡ, ರಘು ಹಾಡು ನಿಲ್ಲಿಸಿದ. ಎರಡೂ ಕೈ ಸ್ಟೀರಿಂಗ್ ಮೇಲೆ ಬಂದವು. ವೀಣಾ ಮುಂದೆ ಬಾಗಿ, ಹೆದ್ದಾರಿಯಿಂದ ಹೊರಳುವ ದಾರಿಗಳ ಎಕ್ಸಿಟ್ ಬೋರ್ಡುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದಳು. ಅನಘಾ ಫೋನ್ ಕೆಳಗಿಟ್ಟು ಕಿಟಕಿಯ ಹೊರಗೆ ಕಣ್ಣಿಟ್ಟಳು. ಸರಳಾ ಏನೋ ಹೇಳಹೊರಟಾಗ ಹುಡುಗಿ ಅವಳ ಕೈ ಮುಟ್ಟಿ ತಡೆದಳು. ತಪ್ಪು ಎಕ್ಸಿಟ್ ಹಿಡಿದರೆ ಸೇತುವೆ. ಸೇತುವೆ ಏರಿದರೆ ತಿರುಗಿಸಲು ಜಾಗವಿಲ್ಲ, ಆಚೆ ತುದಿಯಲ್ಲಿ ಬೇರೆ ದೇಶ. ಒಂದು ಗಳಿಗೆಯ ಅಜಾಗ್ರತೆಗೆ ಇಡೀ ಸಂಸಾರ ಗಡಿಯಾಚೆ.

ಕೊನೆಯ ಬೋರ್ಡು ದಾಟಿದಾಗ ವೀಣಾ "ಆಯ್ತು" ಎಂದಳು. ಹಾಡು ಮತ್ತೆ ಶುರುವಾಯಿತು. ಅನಘಾ ಮಗುವಾಗಿದ್ದಾಗಿನಿಂದ ಹೀಗೆಯೇ ಅಂತೆ. ಪ್ರಯಾಣದ ನಡುವೆ ದೇವರ ಸ್ತೋತ್ರ ಹೇಳುವ ಮನೆಗಳನ್ನು ಕಂಡಿದ್ದೇನೆ. ಈ ಮನೆಯವರು ಹೇಳುವುದು ಎಕ್ಸಿಟ್ ನಂಬರ್.

ನದಿ ಶಾಂತವಾಗಿತ್ತು. ಆಚೆ ದಡದಲ್ಲಿ ಕೆನಡಾದ ಕಟ್ಟಡಗಳು, ಕೂಗಿದರೆ ಓಗೊಡುವಷ್ಟು ಹತ್ತಿರ. (ಡೆಟ್ರಾಯಿಟ್‌ನಿಂದ ನೋಡಿದರೆ ಕೆನಡಾ ಇರುವುದು ದಕ್ಷಿಣಕ್ಕೆ. ನಂಬದವರು ನಕ್ಷೆ ನೋಡಬಹುದು.) ದಂಡೆಯ ಬೆಂಚೊಂದರ ಮೇಲೆ ರಘುವನ್ನು ಪಕ್ಕಕ್ಕೆ ಕೂರಿಸಿಕೊಂಡು ಅಧಿಕಾರಿಯ ಮೇಜಿನ ಸಂಗತಿ ಹೇಳಿದೆ. ಅವನಿಗೆ ಆಶ್ಚರ್ಯವಾಗಲಿಲ್ಲ.

"ಗೊತ್ತು ಮಾವ. ಲಾಯರ್‌ನ ಕೇಳಿದೆ. ಹೋಗಿ, ಏನೂ ಆಗಲಿಕ್ಕಿಲ್ಲ ಅಂದ್ರು. ಆದ್ರೆ ಅಲ್ಲಿ ಮೇಜಿನ ಹಿಂದೆ ಕೂತಿರೋರು ನಮ್ಮ ಲಾಯರ್ ಅಲ್ವಲ್ಲ."

ಹಾಗಾದರೆ ಸ್ಮಿತಾಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಅಷ್ಟು ಆಸೆಯಿಂದ ಮಾಡುತ್ತಿದ್ದಾಳೆ, ಪ್ರತಿ ಸಲವೂ ನಮ್ಮದೇ ಗೋಳು ಹೇಳಿ ಎಲ್ಲರ ಸಂತೋಷ ಕೆಡಿಸಬೇಕೇ ಎಂದ. ನೀರಿನ ಬಾಟಲಿ ತರುತ್ತೇನೆಂದು ಎದ್ದುಹೋದ. ಬಾಟಲಿ ಅವನ ಕೈಯಲ್ಲೇ ಇತ್ತು.

ಆಗ ಬೆಂಚಿನ ಆ ತುದಿಯಲ್ಲಿದ್ದ ಅನಘಾ ನನ್ನ ಹತ್ತಿರ ಸರಿದಳು.

"ತಾತ, ಅಪ್ಪ ನಿಮಗೆ ಪೂರ್ತಿ ಹೇಳಲಿಲ್ಲ. ಟ್ವೆಂಟಿ ಒನ್ ಆದ್ಮೇಲೆ ನಾನು ಅಪ್ಪನ ವೀಸಾದಲ್ಲಿ ಇರೋಕಾಗಲ್ಲ. ದಟ್ಸ್ ದ ರೂಲ್. ಸ್ಟೂಡೆಂಟ್ ವೀಸಾಗೆ ಅಪ್ಲೈ ಮಾಡಿದೀನಿ. ಇನ್ನೂ ಏನೂ ಬಂದಿಲ್ಲ."

ಅಂದರೆ, ನಾವು ಕೇಕ್ ಕತ್ತರಿಸಲು ಆರಿಸಿಕೊಂಡ ದಿನವೇ ಈ ದೇಶದ ಕಾನೂನಿನಲ್ಲಿ ಅವಳು ತನ್ನ ತಂದೆಯ ಮಗುವಾಗಿರುವುದು ಕೊನೆಯಾಗುತ್ತದೆ. ಮಗಳಾಗಿ ದ್ವೀಪಕ್ಕೆ ಹೋಗಿ, ಮರಳುವಾಗ ಆ ಮೇಜಿನ ಮುಂದೆ ಒಬ್ಬಳೇ ನಿಲ್ಲಬೇಕು, ಉತ್ತರ ಬಾರದ ಅರ್ಜಿಯೊಂದನ್ನು ಹಿಡಿದು. ಯಾರದೋ ಬೆಳದಿಂಗಳನ್ನು ಪಂಚಾಂಗಕ್ಕೆ ಹೊಂದಿಸಿ ನೋಡಿದ ನಾನು ಈ ಒಂದು ತಾರೀಖನ್ನು ಬಲೂನು ಕಟ್ಟುವ ದಿನವೆಂದು ಸುಮ್ಮನೆ ಒಪ್ಪಿಕೊಂಡಿದ್ದೆ.

ಗ್ರೀನ್ ಕಾರ್ಡ್ ಬಂದಿದ್ದರೆ ಈ ಪ್ರಶ್ನೆಯೇ ಇಲ್ಲ. ರಘು ಅರ್ಜಿ ಹಾಕಿ ಸರತಿಯಲ್ಲಿ ನಿಂತಿದ್ದಾನೆ, ಅವಳು ಪ್ರಾಥಮಿಕ ಶಾಲೆಯಲ್ಲಿದ್ದಾಗಿನಿಂದ. ಸರ್ಕಾರ ತಿಂಗಳಿಗೊಮ್ಮೆ ಒಂದು ತಾರೀಖು ಪ್ರಕಟಿಸುತ್ತದೆ: ಅದಕ್ಕಿಂತ ಮುಂಚೆ ಸರತಿಗೆ ಸೇರಿದವರು ಮುಂದೆ ಬರಬಹುದು. ಆ ತಾರೀಖು ಕೆಲವು ತಿಂಗಳು ಕದಲುವುದಿಲ್ಲ. ಕೆಲವು ಸಲ ಹಿಂದಕ್ಕೆ ಹೋಗುತ್ತದೆ. ಬದುಕೆಲ್ಲ ಕಾಲನಿರ್ಣಯ ಮಾಡಿದವನು ನಾನು. ಕಾಲ ಹಿಂದಕ್ಕೆ ಚಲಿಸುವುದನ್ನು ಕಂಡದ್ದು ಇಲ್ಲಿ ಮಾತ್ರ.

ಮತ್ತೆ ನನ್ನ ಕಥೆ? ಮಗಳು ಈ ದೇಶದ ಪ್ರಜೆ, ಆದ್ದರಿಂದ ತಂದೆ-ತಾಯಿಗೆ ಸರತಿಯಿಲ್ಲ. ಕೂದಲು ಪೂರ್ತಿ ನರೆತ ಮೇಲೆ ಬಂದಿಳಿದವನಿಗೆ, ಇಲ್ಲಿನ ಹೆದ್ದಾರಿಯಲ್ಲಿ ಕಾರು ಓಡಿಸಲೂ ಬಾರದವನಿಗೆ, ಅಂಚೆಯಲ್ಲಿ ಕಾರ್ಡು ಬಂತು. ನೋವೈಯಲ್ಲಿ ಅಕ್ಷರ ಕಲಿತು, ನೋವೈಯಲ್ಲಿ ಹಲ್ಲು ಬಿದ್ದು, ನೋವೈಯಲ್ಲಿ ಸೈಕಲ್ ಕಲಿತವಳಿಗೆ ಬರಲಿಲ್ಲ. ಇದರಲ್ಲಿ ಯಾವ ತರ್ಕವಿದೆ?

ಹುಡುಗಿ ನನ್ನ ಮುಖ ನೋಡಿ ನಗಿಸಲು ಯತ್ನಿಸಿದಳು. ಸ್ಮಿತಾ ಅತ್ತೆ ಆ ಹುಟ್ಟುಹಬ್ಬವನ್ನು ಬಿಗ್ ಡೇ ಅಂದದ್ದು ಕರೆಕ್ಟಾಗಿಯೇ ಇದೆ ಎಂದಳು. ಆಮೇಲೆ ನದಿಯ ಕಡೆ ತಿರುಗಿದಳು.

"ಎಲ್ಲಿಂದ ಬಂದೆ ಅಂತ ಯಾರಾದ್ರೂ ಕೇಳಿದ್ರೆ ನನ್ನ ಬಾಯಿಗೆ ನೋವೈ ಅಂತಾನೇ ಬರತ್ತೆ, ತಾತ. ಇಂಡಿಯಾ ಅನ್ನೋಕೆ ಈಗ ಪ್ರಾಕ್ಟೀಸ್ ಮಾಡ್ತಿದೀನಿ."

ಮರಳುವ ದಾರಿಯಲ್ಲಿ ಆ ಬೋರ್ಡುಗಳು ಬಂದಾಗ ವೀಣಾಳ ಜೊತೆ ನಾನೂ ಓದಿದೆ.

ಸ್ಮಿತಾಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನಾನೂ ಇದೇ ಲೈನಲ್ಲಿ ನಿಂತು ಬಂದವಳು, ಅಪ್ಪ. ಹೇಗೆ ಮರೆತೆ?" ಎಂದಳು. ದ್ವೀಪದ ಮನೆಯನ್ನು ಅಂದೇ ರದ್ದು ಮಾಡಿದಳು.

ಈಗ ನಾವು ಹೋಗುವುದು ಮಿಶಿಗನ್ ಸರೋವರದ ದಡದ ಒಂದು ಮನೆಗೆ. ಆರಿಸಿದವನು ನಾನೇ. ಐದು ಮಹಾಸರೋವರಗಳಲ್ಲಿ ಯಾವ ಗಡಿಯೂ ಹಾಯದೆ ಪೂರ್ತಿ ಅಮೆರಿಕದೊಳಗೇ ಇರುವುದು ಅದೊಂದೇ. ಎರಡು ನಕ್ಷೆಗಳಲ್ಲಿ ಪರಿಶೀಲಿಸಿದ್ದೇನೆ. ಮೇ ತಿಂಗಳಿನಲ್ಲಿ ಆ ನೀರಿಗೆ ಪಾದ ಇಟ್ಟರೆ ಮೂಳೆ ಕೊರೆಯುತ್ತದೆ. ದಡದಲ್ಲಿ ಸ್ವೆಟರ್ ಹಾಕಿಕೊಂಡು ಕೂರುವುದು, ಕೇಕ್ ಕತ್ತರಿಸುವುದು, ಇಷ್ಟೇ ರಜೆ. ಅರ್ಜಿಗೆ ಉತ್ತರ ಇಂದಿನವರೆಗೂ ಬಂದಿಲ್ಲ. ಬಂದರೂ ಅದು ಓದು ಮುಗಿಯುವ ತನಕದ ಅನುಮತಿ. ಆಮೇಲೆ ಹೊಸ ವೀಸಾ, ಹೊಸ ಸರತಿ. ಸರತಿಯ ತುದಿಯಲ್ಲಿ ನಿಂತು ಅವಳು ಮೊದಲಿನಿಂದ ಎಣಿಸಬೇಕು. ಒಳ್ಳೆಯದಾಗುತ್ತದೆ ಎಂದು ಬರೆದು ಈ ಅಂಕಣ ಮುಗಿಸಬಹುದಿತ್ತು. ಆಧಾರವಿಲ್ಲದ್ದನ್ನು ಬರೆಯುವ ಅಭ್ಯಾಸ ನನಗಿಲ್ಲ.

ನಿನ್ನೆ ಆ ಮನೆಯ ಒಡತಿ ಒಂದು ಸಂದೇಶ ಕಳಿಸಿದರು. ಚಿತ್ರದಲ್ಲಿ ನೋಡಿದರೆ ವಯಸ್ಸಾದ, ಸೌಮ್ಯ ಮುಖದ ಹೆಂಗಸು. ಹುಟ್ಟುಹಬ್ಬವೆಂದು ಕೇಳಿ ಸಂತೋಷವಾಯಿತು, ನೀವೆಲ್ಲ ಎಲ್ಲಿಂದ ಬರುತ್ತಿದ್ದೀರಿ ಎಂದು ವಿಚಾರಿಸಿದ್ದರು. ಬರಿಯ ಸೌಜನ್ಯದ ಮಾತು. ನಾವು ವೆಸ್ಟ್‌ಮಂಟ್‌ನವರು, ಹುಟ್ಟುಹಬ್ಬದ ಹುಡುಗಿ ನೋವೈಯವಳು ಎಂದು ಉತ್ತರಿಸಿದೆ. ಪರಿಶೀಲಿಸಿದ ಸತ್ಯ. ಆದರೆ ತಾರೀಖಿಲ್ಲದ ಹೇಳಿಕೆಯನ್ನು ನಾನು ಎಂದೂ ಪೂರ್ಣವೆಂದು ಒಪ್ಪಿದವನಲ್ಲ.

ಅನಘಾ ನೋವೈಯವಳು. ಯಾವ ತಾರೀಖಿನವರೆಗೆ?