ಗಂಗಾದೇವಿ ವೈನಿಯ ದಿಕ್ಸೂಚಿ

ನಮ್ಮ ವೈನಿಯಷ್ಟು ಅಂಜುಬುರುಕ ಹೆಂಗಸು ಇಡೀ ಬೆಳಗಾವಿಯಲ್ಲಿ ಹುಡುಕಿದರೂ ಸಿಗಲಾರಳು. ವೈನಿ ಅಂದರೆ ನನ್ನ ಅಣ್ಣ ಬಸವಪ್ರಸಾದನ ಹೆಂಡತಿ, ಗಂಗಾದೇವಿ. ನಾನು ಕಾಂತಾ, ಅವಳ ನಾದಿನಿ. ಇಬ್ಬರೂ ಒಂದೇ ಸಾಲೆಯಲ್ಲಿ, ಒಂದೇ ಬೆಂಚಿನ ಮೇಲೆ ಕಲಿತವರು. ಅದಕ್ಕೇ ನಮ್ಮಲ್ಲಿ ಬಹುವಚನದ ಕಾಟ ಇಲ್ಲ. ಅವಳಿಗೆ ಗ್ಯಾಸ್ ಸಿಲಿಂಡರ್ ಅಂದರೆ ಅಂಜಿಕೆ, ಲಿಫ್ಟ್ ಅಂದರೆ ಅಂಜಿಕೆ, ಎಲ್ಲಕ್ಕಿಂತ ಹೆಚ್ಚಾಗಿ ದಾರಿ ತಪ್ಪುವ ಅಂಜಿಕೆ. ರಾಮತೀರ್ಥ ನಗರದಲ್ಲಿ ಮನೆ ಕಟ್ಟಿಸಿಕೊಂಡು ಕೂತವಳು, ಎಲ್ಲ ಅಡ್ಡರಸ್ತೆಗಳೂ ಒಂದೇ ಥರ ಕಾಣುತ್ತವೆಂದು ಒಮ್ಮೆ ಯಾರದೋ ಗೇಟು ತೆಗೆದು ಒಳಗೆ ಹೋಗಿ, ಅವರ ನಾಯಿ ಬೆನ್ನು ಹತ್ತಿ, ಚಪ್ಪಲಿ ಬಿಟ್ಟು ಓಡಿ ಬಂದಿದ್ದಳು. ನನಗೋ ಅಂಜಿಕೆ ಕಡಿಮೆ, ಬಾಯಿ ಜಾಸ್ತಿ. ಹಾಗಂತ ಎಲ್ಲರೂ ಹೇಳುತ್ತಾರೆ, ನಾನೂ ಆವತ್ತಿನವರೆಗೆ ಹಾಗೇ ತಿಳಿದಿದ್ದೆ.

ಇಂಥವಳು ಕಾಡಿಗೆ ಯಾಕೆ ಹೋದಳು ಅಂದರೆ, ಅಣ್ಣನ ದೆಸೆಯಿಂದ. ವಿಮಾ ಕಚೇರಿಯಿಂದ ನಿವೃತ್ತನಾದ ಮೇಲೆ ಅವನಿಗೆ ಎದೆ ಹಿಡಿದಂತಾಗಿ, ನೆಹರು ನಗರದ ಆಸ್ಪತ್ರೆಯಲ್ಲಿ ತೋರಿಸಿದೆವು. ಡಾಕ್ಟರು ದಿನಾ ನಡೆಯಿರಿ ಅಂದರು. ಅಷ್ಟೇ ಸಾಕಾಯಿತು ನೋಡಿ. ಮೊದಲು ಸಾಂಬ್ರಾ ಕಡೆ ಹೊಲದ ಬದುಗಳ ಮೇಲೆ ನಡೆದ. ಆಮೇಲೆ ಅದು ಸಪ್ಪೆ ಅನ್ನಿಸಿ ಖಾನಾಪುರದ ಕಾಡು ಹಿಡಿದ. ಒಬ್ಬನೇ ಹೋಗುತ್ತಿದ್ದ. ಫೋನು ಹಚ್ಚಿದರೆ ಸಂಪರ್ಕ ಕ್ಷೇತ್ರದ ಹೊರಗೆ ಅನ್ನುವ ಆ ಹುಡುಗಿಯ ದನಿ ಕೇಳಿ ಕೇಳಿ ವೈನಿಗೆ ಊಟ ಸೇರದಾಯಿತು. ಮನೆಯಲ್ಲಿ ಕೂತು ಸಾಯುವ ಬದಲು ಜೋಡಿ ಹೋಗಿಯೇ ಸಾಯುತ್ತೇನೆ ಎಂದು ಹೊರಟಳು. ಅವಳು ಹೊರಟ ಮೇಲೆ ನನ್ನನ್ನು ಬಿಟ್ಟಾಳೆಯೇ? ನನ್ನ ಕೈಗೂ ಒಂದು ಚೀಲ ಕೊಟ್ಟಳು.

ಅಣ್ಣ ಎಲ್ಲವೂ ಫೋನಿನಲ್ಲಿ ಇದೆ ಅನ್ನುತ್ತಿದ್ದ. ಫೋನು ಸತ್ತರೆ ಏನು ಗತಿ ಎಂದು ವೈನಿ ಪಟ್ಟು ಹಿಡಿದು ದಿಕ್ಸೂಚಿ ಕೊಳ್ಳಲು ಕ್ಯಾಂಪಿನ ಅಂಗಡಿಗೆ ಹೋದಳು. ಪಕ್ಕದ ಮನೆಯ ಸಿದರಾಯ ಮಾಮಾ ಜೊತೆಗೆ ಬಂದರು. ಅವರು ಫೌಜಿನಲ್ಲಿ ಹವಾಲ್ದಾರರಾಗಿದ್ದವರು. ವೈನಿ ಸೀರೆ ಆರಿಸುವ ಹಾಗೆ ಎಲ್ಲವನ್ನೂ ಗಾಜಿನ ಮೇಲೆ ಹರವಿಸಿದಳು. ಕೀಲಿಗೊಂಚಲಿಗೆ ಹಾಕುವ ಪುಟ್ಟದೊಂದಿತ್ತು. ಸ್ವಲ್ಪ ವಾಲಿಸಿದರೆ ಮುಳ್ಳು ಅಂಟಿಕೊಂಡು ನಿಲ್ಲುತ್ತಿತ್ತು. ಹಿತ್ತಾಳೆ ಮುಚ್ಚಳದ್ದು ನೋಡಲು ಚೆಂದ, ಆದರೆ ಅದರ ಮುಳ್ಳು ತಾಸುಗಟ್ಟಲೆ ತೂಗಾಡುತ್ತಿತ್ತು. ಕಡೆಗೆ ಒಪ್ಪಿಗೆಯಾದದ್ದು ಪಾರದರ್ಶಕ ಪಟ್ಟಿಯ ಮೇಲೆ ಕೂಡಿಸಿದ್ದು: ಮುಳ್ಳು ಎಣ್ಣೆಯಲ್ಲಿ ಮುಳುಗಿ ಬೇಗ ನಿಲ್ಲುತ್ತದೆ, ಸುತ್ತ ಡಿಗ್ರಿ ಬರೆದ ಬಳೆ ತಿರುಗುತ್ತದೆ, ಪಟ್ಟಿಯನ್ನು ನಕಾಶೆಯ ಮೇಲಿಟ್ಟರೆ ಕೆಳಗಿನ ಗೆರೆ ಕಾಣುತ್ತದೆ. ಅಂಗಡಿಯವನು ಅಂಥವೇ ಮೂರನ್ನು ಒತ್ತಟ್ಟಿಗೆ ಇಟ್ಟ. ಮೂರರ ಮುಳ್ಳೂ ಮೂರು ಕಡೆ! ವೈನಿಯ ಮುಖ ಬಿಳಿಚಿಕೊಂಡಿತು. ಅವುಗಳಲ್ಲಿರುವುದು ಅಯಸ್ಕಾಂತ, ಬಾಜೂಕ ಇಟ್ಟರೆ ಒಂದನ್ನೊಂದು ಎಳೆದಾಡುತ್ತವೆ ಎಂದು ಸಿದರಾಯ ಮಾಮಾ ನಕ್ಕು ದೂರ ದೂರ ಇಟ್ಟು ತೋರಿಸಿದರು. ಒಳಗೆ ಗಾಳಿಗುಳ್ಳೆ ಇಲ್ಲದ್ದನ್ನು ಆರಿಸಿ ತಂದೆವು.

ಬಡಾವಣೆಯ ಖಾಲಿ ಮೈದಾನದಲ್ಲಿ ಮಾಮಾ ಕಲಿಸಿದರು. ನಕಾಶೆಯ ಮೇಲೆ ಪಟ್ಟಿಯ ಅಂಚನ್ನು ಇದ್ದಲ್ಲಿಂದ ಹೋಗಬೇಕಾದಲ್ಲಿಗೆ ಹೊಂದಿಸು, ಬಳೆಯ ಉತ್ತರ ನಕಾಶೆಯ ಉತ್ತರಕ್ಕೆ ಕೂಡುವ ಹಾಗೆ ತಿರುಗಿಸು, ಮುಂದಕ್ಕೆ ಚಾಚಿ ಮಟ್ಟಸವಾಗಿ ಹಿಡಿ. ಕೆಂಪು ತುದಿ ತನ್ನ ಗುರುತಿನೊಳಗೆ ಕೂಡುವವರೆಗೆ ನೀನೇ ತಿರುಗು, ಮುಳ್ಳನ್ನಲ್ಲ. ಆಮೇಲೆ ಎದುರಿಗೆ ಒಂದು ಮರ ನೋಡಿಟ್ಟು ಅಲ್ಲಿಯತನಕ ನಡೆ, ಅಲ್ಲಿ ಮತ್ತೆ ನೋಡು. ಮೈಮೇಲೆ ಕಬ್ಬಿಣ ಇರಬಾರದು. ವೈನಿ ಮಡಿ ಉಟ್ಟವಳ ಹಾಗೆ ಪಾಲಿಸುತ್ತಿದ್ದಳು. ಕೀಲಿ, ಫೋನು ಚೀಲಕ್ಕೆ ಹೋಗುತ್ತಿದ್ದವು. ತಲೆಯ ಪಿನ್ನು ಕೂಡ ಬಿಚ್ಚಿ, ಜಡೆಗೆ ದಾರ ಕಟ್ಟಿಕೊಳ್ಳುತ್ತಿದ್ದಳು. ನಾನು ಎಷ್ಟು ಚಾಷ್ಟಿ ಮಾಡಿ ನಕ್ಕರೂ ಬಿಡಲಿಲ್ಲ.

ಗಣಪತಿ ಹಬ್ಬ ಮುಗಿದ ಮೇಲೆ, ಜಾಂಬೋಟಿ ದಾಟಿ ಒಳಗೆ ಹೋಗುವ ಒಂದು ಊರ ರಸ್ತೆಯ ಪಕ್ಕ ಕಾರು ನಿಲ್ಲಿಸಿ ಕಾಡಿಗಿಳಿದೆವು. ಅಣ್ಣನ ಗೆಳೆಯರೊಬ್ಬರ ಸ್ವಂತ ಜಮೀನು ಅದು; ಹೋಗಲು ಅವರೇ ಹೇಳಿದ್ದರು. ಸೂರ್ಯ ಇಲ್ಲ, ಜಿಟಿಜಿಟಿ ಮಳೆ, ಮರಗಳ ನಡುವೆ ಮಂಜು. ರಸ್ತೆಯಿಂದ ನೇರ ಪೂರ್ವಕ್ಕೆ ಹೋದರೆ ಹಳ್ಳ ಸಿಗುತ್ತದೆಂದು ಅಣ್ಣನ ಫೋನಿನ ನಕಾಶೆ ಹೇಳುತ್ತಿತ್ತು. ವೈನಿ ಮರದಿಂದ ಮರಕ್ಕೆ ಕೈ ಚಾಚಿ ನೋಡುತ್ತ ನಡೆದಳು. ಹಳ್ಳ ಹೇಳಿದಲ್ಲೇ ಸಿಕ್ಕಿತು. ಅವಳ ಮುಖದ ಮೇಲೆ ಅಪರೂಪಕ್ಕೆ ಒಂದು ಜಂಬ ಮೂಡಿತು. ಅಷ್ಟರಲ್ಲಿ ಅಣ್ಣ ಪಾಚಿಗಟ್ಟಿದ ಬಂಡೆಯ ಮೇಲೆ ಕಾಲಿಟ್ಟು ಜಾರಿ ಬಿದ್ದ.

ಕಾಲು ಮುರಿದ ಸದ್ದು ನನಗೆ ಕೇಳಿಸಿತು. ಮೊಣಕಾಲ ಕೆಳಗೆ ಕಾಲು ಸೊಟ್ಟಗೆ ತಿರುಗಿತ್ತು. ನಕಾಶೆಯಿದ್ದ ಅವನ ಫೋನು ನೀರು ಕುಡಿದು ಕಣ್ಣು ಮುಚ್ಚಿತ್ತು, ನಮ್ಮವುಗಳಿಗೆ ಸಿಗ್ನಲ್ ಇಲ್ಲ. ಇಬ್ಬರೂ ಸೇರಿ ಎತ್ತಲು ನೋಡಿದೆವು. ಅವನು ನೋವಿಗೆ ಹಲ್ಲು ಕಚ್ಚಿ, ಮೈಯೆಲ್ಲ ಬೆವತು, ಎದೆಯ ಮೇಲೆ ಕೈಯಿಟ್ಟುಕೊಂಡ. ಆ ಕೈ ಕಂಡದ್ದೇ ವೈನಿ ಅವನನ್ನು ಮೆಲ್ಲಗೆ ಕೆಳಗಿಳಿಸಿದಳು. ಎದೆ ಕೆಟ್ಟ ಮನುಷ್ಯ, ತಣ್ಣನೆಯ ಮಳೆ, ರಾತ್ರಿ ಇಲ್ಲೇ ಕಳೆದರೆ ಉಳಿಯುವುದಿಲ್ಲ. ಒಬ್ಬಳು ಕೂಡ್ರುವುದು, ಒಬ್ಬಳು ಹೋಗುವುದು ಅಂದುಕೊಂಡೆವು. ಆದರೆ ದಿಕ್ಸೂಚಿ ಬಲ್ಲವಳು ವೈನಿ. ಅವಳನ್ನು ಒಬ್ಬಳೇ ಕಳಿಸಿದರೆ ಅಂಜಿಕೆಯಿಂದಲೇ ಬೀಳುತ್ತಾಳೆ. ಇಬ್ಬರೂ ಹೋಗ್ರಿ ಎಂದು ಅಣ್ಣನೇ ಹೇಳಿದ. ನನ್ನ ರೇನ್‌ಕೋಟನ್ನು ಅವನ ಮೇಲೆ ಹೊದಿಸಿ, ಬಂಡೆಗೆ ಒರಗಿಸಿ ಕೂಡಿಸಿದೆವು.

ಬಂದದ್ದು ಪೂರ್ವಕ್ಕೆ, ಹೋಗಬೇಕಾದದ್ದು ಪಶ್ಚಿಮಕ್ಕೆ. ನೇರ ನಡೆದರೆ ರಸ್ತೆ ಸಿಗಲೇಬೇಕು. ವೈನಿ ಬಳೆ ತಿರುಗಿಸಿದಳು. ಕೈ ಎಷ್ಟು ನಡುಗುತ್ತಿತ್ತೆಂದರೆ ಚಾಚಿ ಹಿಡಿದರೆ ಮುಳ್ಳು ನಿಲ್ಲುತ್ತಲೇ ಇರಲಿಲ್ಲ. ಅದಕ್ಕೆ ಎರಡೂ ಕೈಯಿಂದ ಎದೆಗೆ ಅವಚಿಕೊಂಡು ಹಿಡಿದಳು. ಮುಳ್ಳು ನಿಂತಿತು. ಹೊರಟೆವು.

ಸ್ವಲ್ಪ ದೂರದಲ್ಲಿ ಒಂದು ಹುತ್ತ. ಅರ್ಧ ಭಾಗವನ್ನು ಯಾವುದೋ ಉಗುರು ಕೆದರಿ ಚೆಲ್ಲಾಡಿತ್ತು; ಕೆಮ್ಮಣ್ಣು ಇನ್ನೂ ಹಸಿಯಾಗಿತ್ತು, ಗೆದ್ದಲು ಹರಿದಾಡುತ್ತಿದ್ದವು. ಕರಡಿ ಎಂದು ಇಬ್ಬರಿಗೂ ತಿಳಿಯಿತು. ಮಾತಾಡುತ್ತ ಹೋದರೆ ಅದು ದೂರ ಸರಿಯುತ್ತದಂತೆ ಎಂದು ನಾನು ಗಂಟಲು ಹರಿದುಕೊಂಡು ಅಣ್ಣನನ್ನು, ಮಳೆಯನ್ನು, ಡಾಕ್ಟರನ್ನು ಬೈಯುತ್ತ ನಡೆದೆ. ವೈನಿ ಮರದಿಂದ ಮರಕ್ಕೆ ಹೋಗುತ್ತಿದ್ದಳು. ರಸ್ತೆ ಬರಲಿಲ್ಲ. ಎಲ್ಲ ಕಡೆಯಿಂದಲೂ ನೀರಿನ ಸದ್ದು. ಜಿಗಣೆ ಕಾಲಿಗೆ ಹತ್ತಿದರೂ ಬಗ್ಗಿ ಕೀಳುವ ಧೈರ್ಯ ಇರಲಿಲ್ಲ. ಮಂಜಿನೊಳಗಿಂದ ಎದುರಿಗೆ ಒಂದು ಹುತ್ತ ಬಂತು. ಹಸಿ ಕೆಮ್ಮಣ್ಣು, ಅರ್ಧ ಕೆದರಿದ್ದು.

ಇನ್ನೊಂದಿರಬೇಕು ಎಂದಳು ವೈನಿ. ಮುಳ್ಳು ಪಶ್ಚಿಮವನ್ನೇ ತೋರಿಸುತ್ತಿದೆ ಎಂದಳು. ನಾನೂ ನಂಬಿದೆ, ನಂಬದೆ ಏನು ಮಾಡಲಿ? ಮತ್ತೆ ನಡೆದೆವು. ಮತ್ತೆ ಅದೇ ಹುತ್ತ. ಈ ಸಲ ಮಣ್ಣಿನ ಮೇಲೆ ನನ್ನ ಚಪ್ಪಲಿಯ ಅಚ್ಚು ಇತ್ತು, ಅದರ ಮೇಲೆ ಒಂದು ಅಗಲವಾದ ಪಂಜದ ಅಚ್ಚು. ನಾವು ಸುತ್ತಿ ಬರುವುದರೊಳಗೆ ಅದು ಬಂದು ಹೋಗಿತ್ತು. ಅಣ್ಣ ಅಲ್ಲೇ ಎಲ್ಲೋ ಒಬ್ಬನೇ ಕೂತಿದ್ದಾನೆ. ಜನ್ಮದಲ್ಲಿ ಮೊದಲ ಸಲ ನನಗೆ ಬೈಯಲೂ ದನಿ ಬರಲಿಲ್ಲ.

ವೈನಿ ನಿಂತಲ್ಲೇ ಗರಗರ ತಿರುಗಿದಳು. ಆಗ ನಾನು ನೋಡಿದೆ: ಅವಳು ಯಾವ ಕಡೆ ತಿರುಗಿದರೂ ಎದೆಯ ಮೇಲಿನ ಮುಳ್ಳು ಅವಳ ಜೋಡಿಯೇ ತಿರುಗುತ್ತಿತ್ತು. ಯಾವ ಕಡೆ ಮುಖ ಮಾಡಿದರೂ ಅದೇ ಪಶ್ಚಿಮ. ಕೈಯಿಂದ ಕಸಿದುಕೊಂಡು ದೂರ ಹೋದೆ. ಮುಳ್ಳು ಮೆಲ್ಲಗೆ ಬೇರೆ ಕಡೆ ಹೊರಳಿ ನಿಂತಿತು. ಅವಳ ಹತ್ತಿರ ತಂದೆ. ಮತ್ತೆ ಅವಳ ಎದೆಯ ಕಡೆಗೇ ಎಳೆಯಿತು.

“ನಿನ್ನ ಮೈಮ್ಯಾಲ ಏನೈತಿ ವೈನಿ?”

“ಏನೂ ಇಲ್ಲ. ಪಿನ್ನ ಸೈತ ಇಲ್ಲ.”

ಅವಳು ಸುಳ್ಳು ಹೇಳಲಿಲ್ಲ. ನಾವು ಲಿಂಗವಂತರು. ಲಿಂಗಧಾರಣೆಯಾದ ದಿನದಿಂದ ಲಿಂಗ ಮೈಬಿಟ್ಟು ಇಳಿಯುವುದಿಲ್ಲ, ಮಲಗುವಾಗಲೂ ಇಲ್ಲ. ಕೈಯನ್ನೋ ಕಿವಿಯನ್ನೋ ಯಾರಾದರೂ ಮೈಮೇಲಿನ ವಸ್ತು ಎಂದು ಲೆಕ್ಕ ಹಾಕುತ್ತಾರೆಯೇ? ಹಾಗೇ ಅದು. ವೈನಿಯ ಲಿಂಗ ಇರುತ್ತಿದ್ದದ್ದು ಗುಂಡಗಡಗಿ ಎಂಬ ಬೆಳ್ಳಿಯ ದುಂಡು ಡಬ್ಬಿಯಲ್ಲಿ, ಶಿವದಾರದಲ್ಲಿ ಎದೆಯ ಮೇಲೆ. ಹಳೆಯದರ ತಿರುಪು ಸವೆದು ಲಿಂಗ ಬೀಳುವ ಹಾಗಾದಾಗ ಮಗಳು ಸಮೃದ್ಧಿ ಹೊಸದು ಮಾಡಿಸಿಕೊಟ್ಟಿದ್ದಳು. ತಿರುಪಿಲ್ಲದ್ದು, ಮುಚ್ಚಿದರೆ ಟಪ್ಪೆಂದು ತಾನೇ ಕೂಡುವಂಥದ್ದು. ಬೆಳ್ಳಿ ಮುಳ್ಳನ್ನು ಎಳೆಯುವುದಿಲ್ಲ. ಆ ಮುಚ್ಚಳದೊಳಗೆ ಕೂಡಿಸಿದ್ದು ಅಯಸ್ಕಾಂತ; ಬೆಳಿಗ್ಗೆ ಕೈ ಚಾಚಿ ಹಿಡಿದಿದ್ದಾಗ ಅದರ ಎಳೆತ ಮುಳ್ಳಿಗೆ ಮುಟ್ಟಿರಲಿಲ್ಲ.

ನಾನು ಬೆರಳು ಮಾಡಿ ತೋರಿಸಿದಾಗ ವೈನಿ ಎರಡು ಹೆಜ್ಜೆ ಹಿಂದೆ ಸರಿದಳು.

“ಲಿಂಗ ಬ್ಯಾಡಂತೈತಿ ಕಾಂತಾ. ಅವರನ್ನ ಬಿಟ್ಟು ಹೋಗಬ್ಯಾಡ ಅಂತೈತಿ. ಹೊಳ್ಳಿ ಹೋಗೂಣು, ಅವರ ಬಾಜೂನ ಕುಂದರೂಣು.”

ನಿಜ ಹೇಳುತ್ತೇನೆ, ನನಗೂ ಹಾಗೇ ಅನ್ನಿಸಿತು. ಮೂರೂ ಮಂದಿ ಒಟ್ಟಿಗೆ ಕೂತುಬಿಟ್ಟರೆ ಏನಾದರೂ ಆಗಲಿ, ಈ ಮಂಜಿನಲ್ಲಿ ನಡೆಯುವುದಾದರೂ ತಪ್ಪುತ್ತದಲ್ಲ. ಆದರೆ ಅಣ್ಣ ಎದೆಯ ಮೇಲೆ ಇಟ್ಟುಕೊಂಡ ಕೈ ಕಣ್ಣೆದುರು ಬಂತು. ಕೂತರೆ ಅವನು ನಮ್ಮ ಮುಂದೆಯೇ ಹೋಗುತ್ತಾನೆ.

“ಲಿಂಗ ಅಲ್ಲ ವೈನಿ, ಮುಚ್ಚಳ. ಮುಚ್ಚಳ ಅಷ್ಟ ತಗಿ.”

ಅವಳು ಎದೆಯ ಮೇಲಿನ ಗುಂಡಗಡಗಿಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ನನಗೆ ಬೆನ್ನು ಮಾಡಿ ನಿಂತು ಗುಂಡಗಡಗಿ ತೆರೆದಳು. ಒಳಗಿನ ಅರಿವೆಯ ಸಮೇತ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಹೆಗಲ ಮೇಲಿನ ಓಢಣಿಯ ಅಂಚನ್ನು ಹಲ್ಲಿನಿಂದ ಹರಿದು, ಅದರಲ್ಲಿ ಸುತ್ತಿ ಶಿವದಾರಕ್ಕೆ ಬಿಗಿಯಾಗಿ ಗಂಟು ಹಾಕಿಕೊಂಡಳು. ಮಳೆಗೆ ನೆನೆದ ಗಂಟು ಎರಡು ಸಲ ಬಿಚ್ಚಿತು. ಕೆಳಗೆ ಬಿದ್ದರೆ ಈ ಕೆಸರಿನಲ್ಲಿ ಲಿಂಗ ಸಿಗುವುದುಂಟೇ? ಬರಿದಾದ ಬೆಳ್ಳಿ ಡಬ್ಬಿಯನ್ನು ನನಗೆ ಕೊಟ್ಟು, ದೂರ ಹಿಂದಿನಿಂದ ಬಾ ಎಂದಳು. ನಾನು ಅದನ್ನು ಚೀಲದ ತಳಕ್ಕೆ ಹಾಕಿ ಹಿಂದುಳಿದೆ. ಕರಡಿಯ ಕಾಡಿನಲ್ಲಿ ಹಿಂದುಳಿದು ನಡೆಯುವುದು ಏನೆಂದು ನನ್ನನ್ನು ಕೇಳಿ.

ವೈನಿ ಕೈ ಚಾಚಿದಳು. ಮುಳ್ಳು ತೂಗಿತು, ತೂಗಿತು, ನಿಂತಿತು. ಅವಳು ನಾವು ಒಮ್ಮೆಯೂ ಹೋಗಿರದ ಕಡೆಗೆ ತಿರುಗಿದಳು. ಆ ಕಡೆ ಕಾಡು ಇನ್ನೂ ದಟ್ಟವಾಗಿ ಕಂಡಿತು. ನನಗಾದರೆ ಅತ್ತ ಹೋಗಲು ಮನಸ್ಸೇ ಬರುತ್ತಿರಲಿಲ್ಲ. ಅವಳು ಹೋದಳು. ಪ್ರತಿ ಮರದ ಹತ್ತಿರ ಓಢಣಿಯ ಒಂದೊಂದು ಚೂರು ಕಟ್ಟುತ್ತ, ಮತ್ತೆ ಕೈ ಚಾಚುತ್ತ ಹೋದಳು. ಓಢಣಿ ಮುಗಿಯುವ ಮೊದಲೇ ಡಾಂಬರು ಕಾಲಿಗೆ ತಾಗಿತು.

ಕಾರಿನ ಸಮೀಪವೇ ಹೊರಬಿದ್ದಿದ್ದೆವು. ಹಾಲಿನ ಗಾಡಿಯ ಲಕ್ಷ್ಮಪ್ಪ ಎಂಬವನು ನಮ್ಮನ್ನು ಕಂಡು ಬ್ರೇಕು ಹಾಕಿದ. ಊರಿಗೆ ಹೋಗಿ ಮರಾಠಿ ಮಾತಾಡುವ ನಾಲ್ಕು ಮಂದಿಯನ್ನು, ಬಿದಿರು, ಕಂಬಳಿಗಳನ್ನು ತಂದ. ಯಾವ ಹಳ್ಳ ಎಂದು ಅವರು ಕೇಳಿದರು. ಆ ಕಾಡಿನಲ್ಲಿ ಹಳ್ಳಗಳಿಗೇನು ಬರ. ನನಗೆ ಹೇಳಲು ಬರಲಿಲ್ಲ. ವೈನಿ ಕಾರಿನ ಕಬ್ಬಿಣದಿಂದ ದೂರ ಸರಿದು, ಬೆಳಗಿನ ಪೂರ್ವವನ್ನು ಬಳೆಯಲ್ಲಿ ಕೂಡಿಸಿಕೊಂಡು ಎಲ್ಲರಿಗಿಂತ ಮುಂದೆ ನಡೆದಳು. ಬೆಳಕು ಇಳಿಯುತ್ತಿತ್ತು. ಅವಳ ಕೈ ಗಡಗಡ ನಡುಗುತ್ತಿತ್ತು, ಆದರೆ ಎದೆಯ ಕಡೆಗೆ ಒಮ್ಮೆಯೂ ಮಡಚಲಿಲ್ಲ.

ಹಳ್ಳದ ದಂಡೆ ಮುಟ್ಟಿ ಕೂಗಿದೆವು. ಉತ್ತರ ಇಲ್ಲ. ಎಲ್ಲರೂ ಕೂಗಿದೆವು. ಇಲ್ಲ. ನಾನು ಒಂದು ಮರ ಹಿಡಿದು ನಿಂತುಬಿಟ್ಟೆ. ವೈನಿ ಒಬ್ಬಳೇ ಬಂಡೆಗಳ ಮೇಲೆ ಓಡಿದಳು, ನಾಯಿಗೆ ಅಂಜಿ ಚಪ್ಪಲಿ ಬಿಟ್ಟವಳು.

ಅಣ್ಣ ಕೂಡಿಸಿದಲ್ಲೇ ಕೂತಿದ್ದ. ಕಣ್ಣು ತೆರೆದಿತ್ತು. ನಮ್ಮನ್ನು ನೋಡಿದ. ವೈನಿ ಗಲ್ಲ ಮುಟ್ಟಿದ ಮೇಲೆ, ಯಾರನ್ನೋ ಪರೀಕ್ಷಿಸುವವನ ಹಾಗೆ ಅವಳ ಕೈ ಒತ್ತಿ ನೋಡಿದ.

“ಖರೇನ ಬಂದಿಯೇನ?” ಎಂದ. “ಆವಾಗಿಂದ ಕಾಂತಾನ ದನಿ ಬರ್ತಿತ್ತು. ಇಲ್ಲೇ, ಈ ಗಿಡದ ಆಚೆ. ನಾ ಒದರಿದೆ, ನೀವು ಹ್ವಾದ್ರಿ. ಮತ್ತ ಬಂದ್ರಿ, ಮತ್ತ ಒದರಿದೆ, ಮತ್ತ ಹ್ವಾದ್ರಿ. ನಾ ಸತ್ತೇನಿ, ಅದಕ್ಕ ನನ್ನ ದನಿ ನಿಮಗ ಮುಟ್ಟವಲ್ದು ಅಂತ ತಿಳಕೊಂಡೆ. ಆಮ್ಯಾಲ ಒದರೂದು ಬಿಟ್ಟೆ.”

ನೀರಿನ ಸದ್ದಿನಲ್ಲಿ ನಮಗೆ ಕೇಳಿಸಿರಲಿಲ್ಲ. ಗಂಡಸರು ಅವನನ್ನು ಕಂಬಳಿಯ ಮೇಲೆ ಮಲಗಿಸಿ ಎತ್ತಿದರು. ವೈನಿ ಒಂದು ಕೈಯಿಂದ ಅವನ ಕೈ ಹಿಡಿದುಕೊಂಡು, ಇನ್ನೊಂದರಲ್ಲಿ ದಿಕ್ಸೂಚಿಯನ್ನು ಚಾಚಿಕೊಂಡು ಪಶ್ಚಿಮಕ್ಕೆ ತಿರುಗಿದಳು. ರಸ್ತೆ ಸಿಗುವವರೆಗೂ ದಾರಿಯುದ್ದಕ್ಕೂ, ಹೆಜ್ಜೆ ಹೆಜ್ಜೆಗೆ, ಅವನ ಹೆಸರು ಹಿಡಿದು ಕರೆಯುತ್ತಲೇ ಇದ್ದಳು. ಲಗ್ನವಾದಾಗಿನಿಂದ ಒಮ್ಮೆಯೂ ಬಾಯಲ್ಲಿ ತಂದಿರದ ಹೆಸರು. ಅವಳು ಕರೆದಾಗೊಮ್ಮೆ ಅವನು ಓ ಅನ್ನಬೇಕಿತ್ತು. ಅನ್ನುವವರೆಗೆ ಅವಳು ಮುಂದಿನ ಹೆಜ್ಜೆ ಇಡುತ್ತಿರಲಿಲ್ಲ.