ಜಪಾನಿನ ನಾಯಿಗೆ ಹಚ್ಚಿದ ಭಂಡಾರ

ಖಾನಾಪುರದ ಭರಮಣ್ಣನನ್ನು ಜಿಪುಣ ಎನ್ನುವವರೂ ಇದ್ದಾರೆ, ದುಂದುಗಾರ ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ಸುಳ್ಳಲ್ಲ. ವಾರದ ಸಂತೆಯಲ್ಲಿ ಒಂದು ಸಿವುಡು ಕೊತ್ತಂಬರಿಗಾಗಿ ಮುದುಕಿಯರ ಜೊತೆ ಹಟಕ್ಕೆ ಬೀಳುವವನು ಅವನೇ. ಬೆಳಗಾವಿಯಲ್ಲಿ ಮುದಸ್ಸರನ ಅಂಗಡಿಗೆ ಹೋಗಿ, ಅಂಗೈಯಗಲದ ಜಪಾನಿ ಆಟಿಕೆಗೆ ಡಬ್ಬಿಯ ಮೇಲೆ ಅಚ್ಚಾದ ಬೆಲೆಯ ಆರು ಪಟ್ಟು ಕೊಟ್ಟು, ತುಟಿ ಪಿಟಕ್ಕೆನ್ನದೆ ಬರುವವನೂ ಅವನೇ.

ಅವನ ಅಜ್ಜ ಕುರಿ ಕಾಯ್ದವನು. ಅಪ್ಪನ ಕಾಲಕ್ಕೆ ಹಿಂಡು ಕರಗಿತು. ಭರಮಣ್ಣನ ಪಾಲಿಗೆ ಉಳಿದದ್ದು ಒಂದು ಕರಿ ಕಂಬಳಿ, ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ಮತ್ತು ಮನೆದೇವರು ಚಿಂಚಲಿ ಮಾಯಕ್ಕ. ಅವನು ಐಟಿಐ ಮುಗಿಸಿ ಫಿಟ್ಟರ್ ಆದ. ದಿನಾ ಬೈಕ್ ಹತ್ತಿ ಬೆಳಗಾವಿ ಉದ್ಯಮಬಾಗದ ಒಂದು ಕಾರ್ಖಾನೆಗೆ ಹೋಗಿ ಹೈಡ್ರಾಲಿಕ್ ವಾಲ್ವುಗಳನ್ನು ಜೋಡಿಸುತ್ತಾನೆ. ಮಾತು ಕಡಿಮೆ. ಒಂದು ತುಂಡು ಇನ್ನೊಂದರೊಳಗೆ ಅಲುಗದ ಹಾಗೆ ಕೂತಾಗ ಮಾತ್ರ ಮುಖ ಅರಳುತ್ತದೆ. ಮದುವೆಯ ಫೋಟೋದಲ್ಲಿ ಕೂಡ ಅಷ್ಟು ಅರಳಿಲ್ಲ ಎಂಬುದು ಹೆಂಡತಿ ಕಾಂತಾಳ ದೂರು.

ಮುದಸ್ಸರನದು ಮೊಬೈಲ್ ರಿಪೇರಿಯ ಸಣ್ಣ ಅಂಗಡಿ, ಜೊತೆಗೆ ಜಪಾನಿ ಆಟಿಕೆಗಳ ವ್ಯಾಪಾರ. ಒಡೆದ ಗಾಜು ಹಾಕಿಸಿಕೊಳ್ಳಲು ಹೋದ ಭರಮಣ್ಣನಿಗೆ ಶೋಕೇಸಿನಲ್ಲಿ ಒಂದು ಆಟಿಕೆ ರೈಲು ಕಂಡಿತು. ಮುದಸ್ಸರ ಅದನ್ನು ಹೊರತೆಗೆದು ಎರಡು ಕಡೆ ತಿರುವಿದ. ರೈಲು ಹೋಗಿ ಒಂದು ತೋಳಾಯಿತು. ಇಂಥ ಐದು ಬಂಡಿಗಳು ಕೂಡಿದರೆ ಮೊಳದುದ್ದದ ಒಂದು ರೋಬೋ ಆಗುತ್ತದೆಂದು ಮುದಸ್ಸರ ಹೇಳಿದ. ಕೀಲುಗಳು 'ಟಿಕ್' ಎಂದು ಕೂಡುವ ಸದ್ದಿಗೇ ಭರಮಣ್ಣ ಸೋತ. ಅಂದಿನಿಂದ ಸಂಬಳದಲ್ಲಿ ಒಂದು ಪಾಲು ಮುದಸ್ಸರನ ಅಂಗಡಿಯ ದಾರಿ ಹಿಡಿಯಿತು.

ಎರಡು ತೋಳು, ಎದೆ, ಬಲಗಾಲು ಬಂದವು. ಎಡಗಾಲು ಬರಲಿಲ್ಲ. ಜಪಾನಿನ ಕಂಪನಿಯವರು ಅದನ್ನು ತಯಾರಿಸುವುದನ್ನೇ ನಿಲ್ಲಿಸಿದ್ದರು. ನಿಲ್ಲಿಸಿದ ಕೂಡಲೇ ಇದ್ದವರು ಬಚ್ಚಿಟ್ಟುಕೊಂಡರು, ಇಲ್ಲದವರು ಬಾಯಿ ಬಿಟ್ಟರು, ನಡುವಿನವರು ಕೇಳಿದ್ದೇ ರೇಟು. ಈ ವ್ಯಾಪಾರದ ತಲೆಬುಡ ಅಷ್ಟೇ. ಕಪಾಟಿನಲ್ಲಿ ರೋಬೋ ಒಂಟಿಗಾಲಿನಲ್ಲಿ ಗೋಡೆಗೆ ಒರಗಿಕೊಂಡಿತ್ತು. ಅದು ತನ್ನ ಎರಡು ಕಾಲ ಮೇಲೆ ನಿಲ್ಲುವುದನ್ನು ಒಮ್ಮೆ ನೋಡಬೇಕು ಎನ್ನುವುದೊಂದೇ ಭರಮಣ್ಣನ ಆಸೆ. ನಲವತ್ತು ದಾಟಿದ ಗಂಡಸು ಇಷ್ಟಕ್ಕಾಗಿ ಊಟದ ತಾಟಿನ ಮುಂದೆ ಕೂತು ನಿಟ್ಟುಸಿರು ಬಿಟ್ಟರೆ ಹೆಂಡತಿಯಾದವಳು ಏನು ಮಾಡಬೇಕು? ಕಾಂತಾ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಕೊನೆಗೆ ಮುದಸ್ಸರನೇ ದಾರಿ ಹುಡುಕಿದ. ಭರಮಣ್ಣನ ಹತ್ತಿರ ಜಪಾನಿನ ಇನ್ನೊಂದು ಆಟಿಕೆ ಇತ್ತು, ತಗಡಿನ ನಾಯಿ. ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ಅದಕ್ಕಾಗಿ ಪುಣೆಯ ಗಿರಾಕಿಯೊಬ್ಬ ಹಟ ಹಿಡಿದಿದ್ದ. ಅವನ ಹತ್ತಿರ ಎಡಗಾಲು ಎರಡಿದ್ದವು.

"ನಾಯಿ ಕೊಡು, ಕಾಲು ತಗೋ. ಮ್ಯಾಲ ಒಂದು ರೂಪಾಯಿ ಬ್ಯಾಡ," ಎಂದ ಮುದಸ್ಸರ. "ಖರೇ ಹೇಳ್ತೀನಿ, ಡಬ್ಬಿ ಮಾತ್ರ ತೆಗೀಬ್ಯಾಡ. ಮುಚ್ಚಿದ್ರ ಮಾಲು, ತೆಗದ್ರ ಆಟಿಗಿ."

ದಸರೆಯ ಮರುದಿನ ತಾನೇ ಕಾಲು ತಂದುಕೊಡುವುದಾಗಿ ಹೇಳಿದ.

ಆ ನಾಯಿಯನ್ನು ಕೊಂಡಾಗ ಮನೆಯಲ್ಲಿ ರಂಪವಾಗಿತ್ತು. "ಬಿಚ್ಚಾಕ ಬರೂದಿಲ್ಲ, ಆಡಾಕ ಬರೂದಿಲ್ಲ, ಯಾಕ ಬೇಕ್ರಿ ಇದು?" ಎಂದು ಕಾಂತಾ ಕೇಳಿದ್ದಳು. ತಪ್ಪಿಸಿಕೊಳ್ಳಲು ಭರಮಣ್ಣ, "ಇದು ಕುಂತಲ್ಲೇ ದುಡೀತದ, ತಿಂಗಳಾ ರೇಟ ಏರತದ," ಎಂದಿದ್ದ. ಅದು ಸುಳ್ಳೂ ಆಗಿರಲಿಲ್ಲ. ಕಾಂತಾ ಮೂಗು ಮುರಿದು ಒಳಗೆ ಹೋದಳು. ಹೊರಗೆ ಬತ್ತಿ ಹೊಸೆಯುತ್ತಿದ್ದ ತಾಯಿ ಸಾತವ್ವ ಮಾತ್ರ ಮಗನ ಮಾತನ್ನು ಇದ್ದದ್ದು ಇದ್ದ ಹಾಗೆ ನಂಬಿದಳು.

ಆಯುಧಪೂಜೆಯ ಖಂಡೇನವಮಿ ಬಂತು. ಭರಮಣ್ಣ ಕಾರ್ಖಾನೆಯ ಪೂಜೆಗೆ ಹೋಗಿದ್ದ. ಮನೆಯಲ್ಲಿ ಸಾತವ್ವ ಕಂಬಳಿ ಹಾಸಿ ಕತ್ತರಿ, ಕೊಡಲಿ, ಕುಡುಗೋಲು, ಕಾಂತಾಳ ಹೊಲಿಗೆ ಯಂತ್ರ ಎಲ್ಲ ಸಾಲಾಗಿ ಇಟ್ಟಳು. ಮನೆಗೆ ದುಡಿದುಹಾಕುವ ಯಾವುದೂ ಅಂದು ಪೂಜೆಯಿಲ್ಲದೆ ಉಳಿಯಬಾರದು. ಅವಳಿಗೆ ಕಪಾಟಿನ ಡಬ್ಬಿ ನೆನಪಾಯಿತು. ಕುಂತಲ್ಲೇ ದುಡಿಯುವುದನ್ನು ಬಿಡಲಿಕ್ಕಾಗುತ್ತದೆಯೇ? ಅದನ್ನು ತಂದಿಟ್ಟಳು. ಆದರೆ ಗವಸಣಿಗೆಯಲ್ಲಿರುವ ಕುಡುಗೋಲನ್ನು ಯಾರೂ ಪೂಜಿಸುವುದಿಲ್ಲ. ಭಂಡಾರ ಮೈಗೆ ಮುಟ್ಟಬೇಕು. ಹಾಗೆಂದು ಅದೇ ಉಣ್ಣೆಯ ಕತ್ತರಿಯಿಂದ ಪ್ಲಾಸ್ಟಿಕ್ ಕತ್ತರಿಸಿ ಡಬ್ಬಿ ತೆರೆದಳು. ಒಳಗೆ ನಾಯಿಯನ್ನು ಕಂಡು ಅವಳಿಗಾದ ಹಿಗ್ಗು ಅಷ್ಟಿಷ್ಟಲ್ಲ. ಮಾಯಕ್ಕನ ಅರಿಶಿಣದ ಭಂಡಾರವನ್ನು ಎಣ್ಣೆಯಲ್ಲಿ ಕಲಸಿ ಅದರ ಹಣೆಗೆ, ಬೆನ್ನಿಗೆ, ಬಿಳಿ ಡಬ್ಬಿಗೂ ಬೆರಳು ತುಂಬಾ ಹಚ್ಚಿದಳು.

ಮಧ್ಯಾಹ್ನ ಭರಮಣ್ಣ ಪೇಡೆಯ ಪೊಟ್ಟಣ ಹಿಡಿದು ಬಂದ. ಕೊಡಲಿ, ಕುಡುಗೋಲುಗಳ ನಡುವೆ, ತಲೆಯ ಮೇಲೆ ಚೆಂಡುಹೂ ಹೊತ್ತು ಜಪಾನಿನ ನಾಯಿ ಕೂತಿತ್ತು.

"ಅವ್ವಾ, ಏನ ಮಾಡಿದಿ!"

"ಒಳಗ ನಾಯಿ ಐತಿ ಅಂತ ಒಂದ ಮಾತ ಹೇಳಬಾರದೇನೋ?" ಎಂದಳು ಸಾತವ್ವ, ನಗುತ್ತ. "ಅಜ್ಜನ ಹಿಂಡಿನಾಗೂ ಇಂಥಾದ ಒಂದು ಬಿಳೀದು ಇತ್ತು. ಕೈ ಮುಗಿ, ನಿನಗ ದುಡೀತದಲ್ಲ."

ಅವನೇ ಆಡಿದ ಮಾತು. ಪೇಡೆಯ ಪೊಟ್ಟಣ ಕೆಳಗಿಟ್ಟು ಕೈ ಮುಗಿದ.

ದಸರೆಯ ಮರುದಿನ ಮುದಸ್ಸರ ಹೇಳಿದಂತೆ ಬಂದ. "ಬರ್ರಿ, ಕುಂದರ್ರಿ," ಎಂದು ಸಾತವ್ವ ಚಾಪೆ ಹಾಸಿದಳು. ಅವನು ಎಡಗಾಲಿನ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡು ಚಹಾ ಕುಡಿದ. ಭರಮಣ್ಣ ನಾಯಿಯನ್ನು ತಂದು ಮುಂದಿಟ್ಟ. ಮುದಸ್ಸರ ಅದನ್ನು ತಿರುವಿ ನೋಡಿದ, ಡಬ್ಬಿ ನೋಡಿದ, ಎರಡನ್ನೂ ಕೆಳಗಿಟ್ಟ.

"ಇದು ಆಗೂದಿಲ್ಲ ಭರಮಣ್ಣಾ. ಪುಣೇದಾಂವ ಮುಟ್ಟೂದೂ ಇಲ್ಲ."

"ಯಾಕ್ರಿ, ಏನಾಗೇದ ಅದಕ?" ಸಾತವ್ವ ಕೇಳಿದಳು.

ಮುದಸ್ಸರ ಒಳ್ಳೆಯವನು, ಆದರೆ ಸುತ್ತಿ ಬಳಸಿ ಮಾತಾಡಲು ಬಾರದು. "ಡಬ್ಬಿ ತೆಗದೀರಿ, ಮ್ಯಾಲ ಭಂಡಾರ ಹಚ್ಚೀರಿ ನೋಡ್ರಿ ಅವ್ವಾರ. ಅದಕ ಕಿಮ್ಮತ್ತ ಹೋತು."

ಸಾತವ್ವ ಮಗನ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ, ಮುಂದೆ ಸರಿದು ಕೂತು, ಸೆರಗಿನ ತುದಿಯನ್ನು ನೀರಿಗೆ ಅದ್ದಿ ನಾಯಿಯ ಹಣೆ ಒರೆಸತೊಡಗಿದಳು.

ಆ ಮನೆಯಲ್ಲಿ ಭಂಡಾರವನ್ನು ಯಾರೂ ಒರೆಸುವುದಿಲ್ಲ. ನೆಲಕ್ಕೆ ಬಿದ್ದರೆ ಬೆರಳಿನಿಂದ ಎತ್ತಿ ಹಣೆಗೆ ಹಚ್ಚಿಕೊಳ್ಳುತ್ತಾರೆ. ಗಂಡ ತೀರಿಕೊಂಡ ದಿನವೂ ಸಾತವ್ವ ಕುಂಕುಮ ಅಳಿಸಲು ಬಿಟ್ಟಳೇ ಹೊರತು ಭಂಡಾರ ಮುಟ್ಟಗೊಟ್ಟಿರಲಿಲ್ಲ. ಈಗ ತಾನೇ ತಿಕ್ಕುತ್ತಿದ್ದಳು, ಅವಸರದಿಂದ, ತುಟಿಯೊಳಗೆ ಮಾಯಕ್ಕನ ಹೆಸರು ಹೇಳುತ್ತ. ಕಾಂತಾ ಬಾಗಿಲಲ್ಲಿ ನಿಂತು ಗಂಡನಿಗೆ ಕಣ್ಸನ್ನೆ ಮಾಡಿದಳು. "ಬಿಡವ್ವಾ" ಎನ್ನುವ ಒಂದು ಮಾತು ಸಾಕಿತ್ತು. ಭರಮಣ್ಣ ಅನ್ನಲಿಲ್ಲ. ಹೋದರೂ ಹೋದೀತು ಎಂದು ಅವನು ನಾಯಿಯ ಹಣೆಯನ್ನೇ ನೋಡುತ್ತಿದ್ದ.

ಹೋಗಲಿಲ್ಲ. ಹಳದಿ ಇನ್ನಷ್ಟು ಹರಡಿತು.

"ಇರಲಿ ಬಿಡ್ರಿ ಅವ್ವಾರ," ಎಂದು ಕೊನೆಗೆ ಮುದಸ್ಸರನೇ ಅವಳ ಕೈ ತಡೆದ.

ಎಡಗಾಲು ಆ ದಿನ ಬೆಳಗಾವಿಗೆ ಮರಳಿತು. ಆದರೆ ಭರಮಣ್ಣ ಬಿಡುವವನಲ್ಲ. ಓವರ್‌ಟೈಮ್ ಮಾಡಿದ, ದೀಪಾವಳಿ ಬೋನಸ್ಸನ್ನು ಸೇರಿಸಿದ, ಪುಣೆಯವನು ಕೇಳಿದಷ್ಟನ್ನು ಸುರಿದು ಅದೇ ಕಾಲು ತಂದ. ಟಿಕ್ ಎಂದು ಕೂಡಿತು. ರೋಬೋ ನಿಂತಿತು. ಚೆನ್ನಾಗಿಯೇ ನಿಂತಿದೆ, ನೋಡಿದವರು ಹೌದೆನ್ನುತ್ತಾರೆ. ಹಳದಿಯಾದ ನಾಯಿ ಕಪಾಟಿನಲ್ಲೇ ಉಳಿಯಿತು. ಸಾತವ್ವ ಕೇಳಿದ್ದರೆ ಅವಳಿಗೇ ಕೊಡುತ್ತಿದ್ದ, ಅವಳು ಕೇಳಲಿಲ್ಲ.

ಮುಂದಿನ ಖಂಡೇನವಮಿಯಂದು ಸಾತವ್ವ ಎಂದಿನಂತೆ ಕಂಬಳಿ ಹಾಸಿದಳು. ಕತ್ತರಿಗೆ, ಕೊಡಲಿಗೆ, ಹೊಲಿಗೆ ಯಂತ್ರಕ್ಕೆ ಭಂಡಾರ ಹಚ್ಚಿದಳು. ಆಮೇಲೆ ಬಟ್ಟಲು ಹಿಡಿದು ಅಂಗಳಕ್ಕೆ ಬಂದು ಮಗನ ಬೈಕಿನ ಮುಂದೆ ನಿಂತಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ, ಇದ್ದಿದ್ದರೆ ಭರಮಣ್ಣನಿಗೆ ಹಗುರವಾಗುತ್ತಿತ್ತು.

"ಇದಕ ಹಚ್ಚಿದ್ರ ನಡೀತದೇನೋ?" ಎಂದು ಕೇಳಿದಳು.

"ಹಚ್ಚವ್ವಾ, ನೀ ಹಂಗ್ಯಾಕ ಕೇಳತಿ?"

ಸಾತವ್ವ ಬಗ್ಗಿ, ಹಿಂದಿನ ಮಡ್ಗಾರ್ಡಿನ ಒಳಬದಿಗೆ, ಯಾರಿಗೂ ಕಾಣದ ಕಡೆ ಒಂದೇ ಬೆರಳಿನಿಂದ ಚೂರು ಭಂಡಾರ ಹಚ್ಚಿ ಒಳಗೆ ಹೋದಳು.