ತೀರಿಹೋದವರ ಅಕ್ಷರ

ಕಾಪುವಿನ ಬೋರ್ಡು ಪೇಂಟರ್ ಕರುಣಾಕರನ ಕೈಯಲ್ಲಿ ಎರಡು ಬಗೆಯ ಅಕ್ಷರಗಳಿದ್ದವು. ಅಂಗಡಿ, ಬಸ್ಸು, ಶಾಲೆಗೆ ಬರೆಯುವವು ಉಂಡು ಕೂತ ಯಜಮಾನರ ಹಾಗೆ ಗುಂಡಗಿರುತ್ತಿದ್ದವು. ಇನ್ನೊಂದು ಬಗೆ ತೀರಿಹೋದವರ ಫೋಟೋದ ಕೆಳಗೆ ಹೆಸರು ಬರೆಯಲು ಮಾತ್ರ. ಅದರ ತಲೆಕಟ್ಟು ಬಲಕ್ಕೆ ಜೋತು ಬೀಳುತ್ತಿತ್ತು. ಬಾಲ ಹೊರಟು ನಿಂತವರಂತೆ ಹಿಂದೆ ತಿರುಗಿ ನೋಡುತ್ತಿತ್ತು. ಅದಕ್ಕೆ ಬೇರೆಯೇ ಕುಂಚ. ಆ ಅಕ್ಷರದಲ್ಲಿ ಉಸಿರಾಡುವವರ ಹೆಸರು ಬರೆಯಬೇಡ ಎಂದು, ಕಲಿಸಿದ ಕಾರ್ಕಳದ ಆಲ್ಫೋನ್ಸರು ಕೈ ಹಿಡಿದು ಹೇಳಿದ್ದರು.

ಫ್ಲೆಕ್ಸ್ ಬಂದು ಗುಂಡು ಅಕ್ಷರದ ಕೆಲಸವನ್ನೆಲ್ಲ ನುಂಗಿತು. ಹದಿನೈದು ವರ್ಷ ಅವನ ಕೈಗೆ ಉಳಿದದ್ದು ಫೋಟೋದ ಕೆಲಸವೊಂದೇ.

ಆಗ ಮಣಿಪಾಲದಲ್ಲಿ ಡಿಸೈನ್ ಕಲಿಯುವ ನಿಖಿತಾ ಅವನ ಕೈಬರಹ ಹುಡುಕಿಕೊಂಡು ಬಂದಳು. ಗುಂಡು ಅಕ್ಷರ ಸುಣ್ಣ ಹೊಡೆದ ಗೋಡೆಗಳಲ್ಲಿ ಅಳಿದುಹೋಗಿತ್ತು. ಕಾಗದದಲ್ಲಿ ಉಳಿದದ್ದು ಇನ್ನೊಂದೇ. ಅವಳು ಅದನ್ನು ನೋಡಿ ಬೆರಗಾದಾಗ ಕರುಣಾಕರನ ಎದೆ ಉಬ್ಬಿತು. ಕಾಗದದ ಕಟ್ಟು ಕೊಟ್ಟ, ಆಲ್ಫೋನ್ಸರ ಕಟ್ಟಳೆ ಹೇಳಲಿಲ್ಲ. ಹೇಳಿದರೆ ಬಿಟ್ಟು ಹೋದಾಳೆಂಬ ಭಯ.

ಅಕ್ಷರಗಳು ಕಂಪ್ಯೂಟರಿಗೆ ಹೋಗಿ, ಯಾರು ಬೇಕಾದರೂ ಬಳಸುವ ಫಾಂಟ್ ಆದವು. ಮಣಿಪಾಲದಲ್ಲಿ ಅವನಿಗೆ ಶಾಲು ಹೊದಿಸಿದರು. ಆಮೇಲೆ ಬನ್ನಂಜೆಯ ಜ್ಯೂಸಿನ ಅಂಗಡಿ, ಪೆರ್ಡೂರಿನ ಶಾಲೆಯ ವಾರ್ಷಿಕೋತ್ಸವ, ಎಲ್ಲಿ ನೋಡಿದರೂ ಅದೇ ಜೋತ ತಲೆಕಟ್ಟು. ಅಲೆವೂರಿನ ಮದುವೆ ಕಾಗದದಲ್ಲಿ ಮದುಮಗಳ ಹೆಸರು ಕಂಡು ಅದನ್ನು ಕವುಚಿ ಇಟ್ಟ. ಯಾರಿಗೂ ಏನೂ ಆಗಲಿಲ್ಲ. ಅದೇ ಅವನನ್ನು ಇನ್ನಷ್ಟು ಹೆದರಿಸಿತು.

ಮಳೆಗಾಲದ ರಜೆ ಮುಗಿಸಿ ಮಲ್ಪೆಯ ಬೋಟುಗಳು ಕಡಲಿಗಿಳಿಯುವ ದಿನ. ಮಗ ಹರ್ಷಿತ್ ತನ್ನ ಹೊಸ ಬೋಟಿಗೆ ತಾಯಿಯ ಹೆಸರಿಟ್ಟಿದ್ದ. ಬೆಳಿಗ್ಗೆ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಕರುಣಾಕರ ಬೋಟು ಕಟ್ಟುವ ಧಕ್ಕೆಗೆ ಹೋಗಿ ನೋಡಿದರೆ, ಬೋಟಿನ ಮೂತಿಯಲ್ಲಿ ಅದೇ ಅಕ್ಷರದ ಸ್ಟಿಕ್ಕರ್: ಗುಣವತಿ.

"ನಿಮ್ಮದೇ ಅಕ್ಷರ, ಅಪ್ಪ. ಊರಿಗೆಲ್ಲ ಉಂಟು, ಅಮ್ಮನಿಗೆ ಬೇಡವಾ?" ಎಂದ ಹರ್ಷಿತ್.

ಕರುಣಾಕರ ಸ್ಟಿಕ್ಕರಿನ ಅಂಚನ್ನು ಉಗುರಿನಿಂದ ಕೆರೆದ. ಇದ್ದದ್ದನ್ನು ಹೇಳಿದರೆ ಊರಿನ ಅಷ್ಟೂ ಹೆಸರುಗಳಿಗೆ ಉತ್ತರ ಕೊಡಬೇಕು. ಉಪ್ಪುನೀರಿಗೆ ಸ್ಟಿಕ್ಕರ್ ನಿಲ್ಲುವುದಿಲ್ಲ, ಪೇಂಟಿನಲ್ಲೇ ಬರೆಯುತ್ತೇನೆ ಎಂದು ಸುಳ್ಳು ಹೇಳಿದ. ಬೋಟು ನಡೆಸುವ ಧರ್ಮಪಾಲ ನಕ್ಕು, "ಕಂಪ್ಯೂಟರಿನ ಮೇಲೆ ಎಂತಕ್ಕೆ ಹೊಟ್ಟೆಕಿಚ್ಚು ಮಾರಾಯ್ರೆ? ಬೇಗ ಬರೆಯಿರಿ" ಎಂದು ಇಂಜಿನ್ ಶುರು ಮಾಡಿದ.

ಸ್ಟಿಕ್ಕರ್ ಕಿತ್ತು, ಗುಂಡು ಅಕ್ಷರದ ಹಳೆಯ ಕುಂಚ ಅದ್ದಿದ. ಮೊದಲ ಅಕ್ಷರದಲ್ಲೇ ತಲೆಕಟ್ಟು ಬಲಕ್ಕೆ ಜೋತಿತು. ಬಟ್ಟೆಯಿಂದ ಒರೆಸಿ ಮತ್ತೆ ಬರೆದ. ಮತ್ತೆ ಜೋತಿತು. ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದು ಮುಗಿಸಿದ. ಕೊನೆಯ ಅಕ್ಷರದ ಬಾಲ ತಿರುಗಿ ಅವನನ್ನೇ ನೋಡಿತು.

"ಸ್ಟಿಕ್ಕರಿಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸ ಇಲ್ಲ" ಎಂದು ಧರ್ಮಪಾಲ ಹೊಗಳಿದ.

ಹಸಿ ಬಣ್ಣ ಮಿನುಗಿಸುತ್ತ ಬೋಟು ಅಳಿವೆಯ ಕಡೆ ಹೊರಟಿತು. ಕರುಣಾಕರ ಮನೆಗೆ ಫೋನ್ ಮಾಡಿದ. ಗುಣವತಿ ಎತ್ತಲಿಲ್ಲ. ಈ ಹೊತ್ತಿಗೆ ಬಾವಿಕಟ್ಟೆಯಲ್ಲಿರುತ್ತಾಳೆ ಎಂದುಕೊಂಡು ಮತ್ತೆ ಮಾಡಿದ.